ಒಲ್ಫಾ ಅಳಿಸುವ ಸಾಲುಗಳು

ಸ್ಫಾಕ್ಸ್ ಬಂದರಿಗೆ ಮೀನುದೋಣಿಗಳು ಮರಳುವ ಹೊತ್ತಿಗೆ ಒಲ್ಫಾ ಜ್ರಿಬಿ ದಿನದ ಮೊದಲ ಸಾಲನ್ನು ಅಳಿಸಿಯಾಗಿದೆ. ಮೊಣಕೈ ಪಕ್ಕದಲ್ಲಿ ಆಲಿವ್ ಎಣ್ಣೆಯಲ್ಲಿ ಕಲಸಿದ ಹುರಿಹಿಟ್ಟು, ಬ್ಸೀಸಾ. ಪರದೆಯ ಮೇಲೆ ಯಾರೋ ಇಪ್ಪತ್ತು ವರ್ಷದ ಹಿಂದೆ ಬರೆದ ಡ್ರೈವರ್. ಕಂಪ್ಯೂಟರು ತನ್ನ ನೆಟ್‌ವರ್ಕ್ ಕಾರ್ಡಿನೊಡನೆ ಮಾತಾಡುವುದು ಈ ಕೋಡಿನ ಮೂಲಕ.

"ಇಲ್ನೋಡಿ, ಮೆಮೊರಿ ಸಿಗದಿದ್ರೆ ಸಿಸ್ಟಮ್ಮೇ ದೂರು ಹೇಳತ್ತೆ. ಇದನ್ನ ಬರೆದ ಪುಣ್ಯಾತ್ಮನೂ ಹಿಂದಿಂದೆ ಅದನ್ನೇ ಕೂಗ್ತಾನೆ. ಎರಡು ಸಲ ಯಾಕೆ?" ಎಂದು ಒಲ್ಫಾ ಪರದೆ ತೋರಿಸುತ್ತಾರೆ.

ಐವತ್ತೆರಡರ ಒಲ್ಫಾ ಹಗಲು ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ದುಡಿಯುತ್ತಾರೆ. ಜಗತ್ತೆಲ್ಲ ಉಚಿತವಾಗಿ ಬಳಸುವ ಆಪರೇಟಿಂಗ್ ಸಿಸ್ಟಮ್ಮಿನ ಡ್ರೈವರುಗಳಿಂದ ಬೇಡದ ಸಾಲು ಕೀಳುವುದು ಸಂಬಳವಿಲ್ಲದ ಕೆಲಸ. ದಿನಕ್ಕೆ ನಾನೂರು ಸಾಲು ಓದಿದರೆ ಕೀಳಲು ಸಿಗುವುದು ಎರಡೋ ಮೂರೋ. ಒಂಬತ್ತು ವರ್ಷಗಳಲ್ಲಿ ಆರು ಸಾವಿರ ದಾಟಿವೆ.

"ಊರೋರ ಮನೆ ಕಸ ಗುಡಿಸ್ತಾಳೆ ಮಹಾರಾಣಿ, ನಮ್ಮಂಗಳಕ್ಕೆ ಮಾತ್ರ ನಾನೇ ಗತಿ" ಎಂದು ತಾಯಿ ಮಬ್ರೂಕಾ ಒಳಗಿಂದ ಗೊಣಗುತ್ತಾರೆ.

"ಪೊರಕೆ ಅಲ್ಲೇ ಇಡಮ್ಮ, ಬಂದೆ."

ನಾಲ್ಕು ವರ್ಷದ ಹಿಂದಿನ ತಪ್ಪೊಂದನ್ನು ಒಲ್ಫಾ ಮುಚ್ಚಿಡುವುದಿಲ್ಲ. ಕಾರ್ಡಿಗೆ ಆಜ್ಞೆ ಬರೆದು, ಅದನ್ನೇ ಮತ್ತೆ ಓದಿ, ಓದಿದ್ದನ್ನು ಬಿಸಾಡುವ ಸಾಲೊಂದಿತ್ತು. ವ್ಯರ್ಥವೆಂದು ಕಿತ್ತರು. ಬದಲಾವಣೆಯನ್ನು ಪರಿಶೀಲಿಸಿದ ಇತರ ಪ್ರೋಗ್ರಾಮರುಗಳೂ ಒಪ್ಪಿದರು. ಮೂರು ತಿಂಗಳ ಮೇಲೆ ಕೆರ್ಕೆನ್ನಾ ದ್ವೀಪದ ಶಾಲೆಯಿಂದ ಮೊಂಸೆಫ್ ಮೇಷ್ಟ್ರ ದೂರು ಬಂತು: ಹೊಸ ಆವೃತ್ತಿ ಹಾಕಿದಂದಿನಿಂದ ಹನ್ನೊಂದು ಹಳೆಯ ಕಂಪ್ಯೂಟರುಗಳಿಗೆ ಇಂಟರ್ನೆಟ್ ಪದೇ ಪದೇ ಕಡಿದುಹೋಗುತ್ತಿದೆ, ಪರೀಕ್ಷೆ ಹತ್ತಿರ ಬಂದಿದೆ.

ಭಾನುವಾರ ಒಲ್ಫಾ ದೋಣಿ ಹತ್ತಿದರು. ಮಧ್ಯಾಹ್ನದವರೆಗೆ ತಡಕಾಡಿದ ಮೇಲೆ ತಿಳಿಯಿತು, ಆ ಹಳೆಯ ಕಾರ್ಡಿಗೆ ಆಜ್ಞೆ ಸಕಾಲಕ್ಕೆ ತಲುಪಲು ಆ ಮರು ಓದು ಬೇಕೇ ಬೇಕು.

"ಯಾರ್ರೀ ಅದನ್ನ ಕಿತ್ತ ಬುದ್ಧಿವಂತ?" ಎಂದರು ಮೇಷ್ಟ್ರು.

"ನಾನೇ ಸಾರ್."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಹಂಗಾದ್ರೆ ಉಂಡೇ ಹೋಗಿ. ಆಕ್ಟೋಪಸ್ ಸಾರು ಮಾಡಿಸಿದೀನಿ. ತಪ್ಪು ಒಪ್ಕೊಳ್ಳೋಕೆ ಸಮುದ್ರ ದಾಟಿ ಬಂದೋರನ್ನ ನಾನು ನೋಡಿರ್ಲಿಲ್ಲ."

ಮರುದಿನವೇ ಒಲ್ಫಾ ಆ ಸಾಲನ್ನು ಮರಳಿ ಸೇರಿಸಲು ಕಳಿಸಿದರು, ಅದೇಕೆ ಬೇಕೆಂಬ ವಿವರಣೆಯೊಂದಿಗೆ. ಈಗ ಅವರ ಕಪಾಟಿನಲ್ಲಿ ಗುಜರಿಯಿಂದ ತಂದ ಅರವತ್ತು ಕಾರ್ಡುಗಳಿವೆ. ಪರೀಕ್ಷಿಸಿ ನೋಡಲು ಆ ಕಾರ್ಡು ಸಿಗದಿದ್ದರೆ, ಅನುಮಾನದ ಸಾಲನ್ನು ಮುಟ್ಟುವುದಿಲ್ಲ.

ಇಷ್ಟು ಮಾಡಿಯೂ ನಿಮಗೆ ಹೆಸರು ಬೇಡವೇ ಎಂದು ಕೇಳಿದರೆ ನಗುತ್ತಾರೆ. "ನನ್ನ ನಂತರ ಈ ಕೋಡ್ ಓದೋರು ಎಲ್ಲೂ ಎಡವದೆ ಓದ್ಕೊಂಡು ಹೋಗ್ಬೇಕು. ಇಲ್ಲೇನೋ ಇತ್ತು ಅಂತಾನೂ ಗೊತ್ತಾಗ್ಬಾರ್ದು. ಅಷ್ಟಾದ್ರೆ ಸಾಕು."