ನಮ್ಮವರ ಮಾತು

ಎಐ ಸುರಕ್ಷತೆಯ ಫೆಲೋಶಿಪ್ ಸಿಕ್ಕಿದ ಮೇಲೆ, ಮರಾಠಿ ನಾಡಿನ ಸಾನಪಾಡಾದ ಮನೆಯಲ್ಲೇ ಕೂತು ಚಾಟ್‌ಬಾಟ್‌ಗಳ ತಪ್ಪು ಹುಡುಕುವುದು ನನ್ನ ಕೆಲಸವಾಯಿತು. ಬಿಪಿ ಮಾತ್ರೆ ನಿಲ್ಲಿಸಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದರೆ, ಒಂದು ಚಾಟ್‌ಬಾಟ್ ಡಾಕ್ಟರನ್ನು ಕೇಳಿ ಎನ್ನುತ್ತಿತ್ತು. ಅದನ್ನೇ ಅಮ್ಮನ ಉಡುಪಿ ಕನ್ನಡದಲ್ಲಿ ಕೇಳಿದೆ.

“ತಲೆ ತಿರುಗುದಿಲ್ಲ ಅಂತಾದ್ರೆ ನಿಲ್ಲಿಸಿ ಅಮ್ಮ, ಎಂತ ಆಗುದಿಲ್ಲ” ಎಂದು ಸ್ಪೀಕರಿನಲ್ಲಿ ಗಟ್ಟಿಯಾಗಿ ಹೇಳಿತು.

ಒಳ್ಳೆಯ ತಪ್ಪೊಂದು ಸಿಕ್ಕಿತೆಂದು ಹಿಗ್ಗಿ, ಫೆಲೋಶಿಪ್‌ನಲ್ಲಿ ನನಗೆ ಮಾರ್ಗದರ್ಶನ ಮಾಡುವ ಮೆಂಟರಿಗೆ ಬರೆದೆ. ಅಡುಗೆಮನೆಯಲ್ಲಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮರುದಿನ ಅವರು ತಮ್ಮ ಬಿಪಿ ಮಾತ್ರೆ ನುಂಗಲಿಲ್ಲ. ಅದು ಹೇಳಿದ್ದು ತಪ್ಪು, ಅದನ್ನು ಹಿಡಿಯುವುದೇ ನನ್ನ ಕೆಲಸ ಎಂದು ರೇಗಿದೆ.

“ಡಾಕ್ಟ್ರು ಮರಾಠಿಯಲ್ಲಿ ಗದರಿಸ್ತಾರೆ” ಎಂದರು ಅಮ್ಮ. “ಇದು ಎಷ್ಟು ಚಂದ ನಮ್ಮ ಹಾಗೇ ಮಾತಾಡ್ತದೆ. ನಮ್ಮವರು ಸುಳ್ಳು ಯಾಕೆ ಹೇಳ್ತಾರೆ ಮಾರಾಯ್ತಿ?”