ಓವನಕ್ಕ ಮತ್ತು ಹಸಿ ಮಾದರಿ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಓವನಕ್ಕ ಎಂದೇ. ಹತ್ತೊಂಬತ್ತು ವರ್ಷದಿಂದ ಬ್ಯಾಕ್ಟೀರಿಯಾ ಬೆಳೆಸಿ, ತೊಳೆದು, ಓವನ್ನಿನಲ್ಲಿ ಒಣಗಿಸಿ ಕೊಡುವುದು ಅವಳ ಕೆಲಸ. ಈ ಬ್ಯಾಕ್ಟೀರಿಯಾಗಳೂ ಒಳ್ಳೆಯ ಸಂಸಾರಸ್ಥರೇ: ಉಂಡು ಮಿಕ್ಕಿದ್ದನ್ನು ಕಷ್ಟಕಾಲಕ್ಕಿರಲಿ ಎಂದು ಪ್ಲಾಸ್ಟಿಕ್ಕಿನ ಕಾಳು ಮಾಡಿ ಒಡಲಲ್ಲಿಟ್ಟುಕೊಳ್ಳುತ್ತವೆ. ಆ ಕಾಳು ಒಳಗೆ ಮೆತ್ತಗಿರುತ್ತದೋ, ಕಲ್ಲುಸಕ್ಕರೆಯ ಹಾಗೆ ಹರಳುಗಟ್ಟಿರುತ್ತದೋ ಎಂದು ಅತಿಗೆಂಪು ಬೆಳಕು ಹಾಯಿಸಿ ನೋಡುವುದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವರ ಸಂಶೋಧನೆ. ತೇವವಿದ್ದರೆ ಆ ಬೆಳಕನ್ನು ಬಹುಪಾಲು ನೀರೇ ನುಂಗುತ್ತದೆ, ಅದಕ್ಕೇ ಒಣಗಿಸುವುದು. ಓವನಕ್ಕನ ಮಾದರಿಯಲ್ಲಿ ಎಳ್ಳಷ್ಟೂ ತೇವ ಇರುತ್ತಿರಲಿಲ್ಲ. ಈ ಸಂಶೋಧನೆಯ ಎಂಟು ತಿಂಗಳೂ ಬೆಳಕಿನ ಯಂತ್ರ ಹೇಳಿದ್ದು ಒಂದೇ ಮಾತು: ಹರಳು.

ವರದಿ ಶುಕ್ರವಾರ ಹೋಗಬೇಕಿತ್ತು. ಓವನಕ್ಕನ ಬಡ್ತಿಯ ಕಾಗದವೂ ಮೇಡಂ ಸಹಿಗಾಗಿ ಕಾಯುತ್ತಿತ್ತು. ಬುಧವಾರ ಮಧ್ಯಾಹ್ನ ಓವನ್ ಕೆಟ್ಟಿತು. ಕೊನೆಯ ಮಾದರಿ, ಗಡಿಬಿಡಿ ಬೇರೆ. ಹಸಿಯದನ್ನೇ ಯಂತ್ರಕ್ಕೆ ಸವರಿದಳು. ಪರದೆಯ ಮೇಲಿನ ಗೆರೆಯಲ್ಲಿ ಪ್ಲಾಸ್ಟಿಕ್ ಬೆಳಕು ಹೀರಿದ್ದನ್ನು ತೋರಿಸುವ ಗುಡ್ಡ ಎಂದಿನ ಹರಳಿನ ಜಾಗದಲ್ಲಿ ಏಳಲಿಲ್ಲ. ಎಡಕ್ಕೆ ಸರಿದು ಅಗಲವಾಗಿ ಕೂತಿತ್ತು. ಅದು ಮೆತ್ತನೆಯ ಪ್ಲಾಸ್ಟಿಕ್ಕಿನ ಜಾಗ. ಸವರಿದ್ದು ಆರುತ್ತ ಬಂದಂತೆ ಗುಡ್ಡ ಚೂಪಾಗಿ, ಮೆಲ್ಲಗೆ ಬಲಕ್ಕೆ ನಡೆಯಿತು. ಆಗ ಅವಳಿಗೆ ಹೊಳೆಯಿತು: ಹರಳು ಮಾಡಿದ್ದು ಬ್ಯಾಕ್ಟೀರಿಯಾ ಅಲ್ಲ, ಒಣಗಿಸಿದ ತಾನು!

ಮನೆಯಲ್ಲಿ ಹೇಳಿಕೊಂಡಾಗ ಗಂಡ ಊಟದ ತಟ್ಟೆಯಿಂದ ತಲೆಯೆತ್ತಿದ.

"ಯಾರೂ ನೋಡಿಲ್ಲ ತಾನೆ? ಸುಮ್ನಿರು. ಸಹಿ ಬೀಳೋ ಹೊತ್ತಲ್ಲಿ ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಾಕ್ಕೋಬೇಡ."

"ಎತ್ತಾಕ್ಕೊಂಡು ಎಂಟು ತಿಂಗಳಾಯ್ತು ಕಣ್ರೀ. ಈಗ ನೋವು ಗೊತ್ತಾಗ್ತಿದೆ, ಅಷ್ಟೆ."

ಗುರುವಾರ ಬೆಳಿಗ್ಗೆ ಮೇಡಂ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಏನನ್ನೂ ಬಚ್ಚಿಡಲಿಲ್ಲ. ಮೇಡಂ ತಾವೇ ಹಸಿ ಮಾದರಿ ಸವರಿ ನೋಡಿದರು. ಗುಡ್ಡ ಮತ್ತೆ ನಡೆಯಿತು.

"ಒಣಗಿಸಿ ಅಂದಿದ್ದು ನಾನು," ಎಂದರು ಮೇಡಂ. "ವರದಿ ಹೋಗಲ್ಲ. ಮೊದಲಿಂದ ಮಾಡ್ಬೇಕು."

"ನನ್ನ ಕಾಗದ, ಮೇಡಂ?" ಕೇಳಬಾರದೆಂದುಕೊಂಡದ್ದು ಬಾಯಿಂದ ಬಿದ್ದೇ ಹೋಯಿತು.

ಮೇಡಂ ಕಾಗದವನ್ನು ಎಳೆದುಕೊಂಡು ಸಹಿ ಹಾಕಿದರು. "ಸರಿ, ನಾಳೆಯಿಂದ ಹೇಗೆ ಮಾಡೋಣ? ನೀವೇ ಹೇಳಿ."

ಇಷ್ಟು ವರ್ಷದಲ್ಲಿ ಅದನ್ನು ತೊಳೆಯಿರಿ, ಇದನ್ನು ಒಣಗಿಸಿ ಎಂದವರೇ ಎಲ್ಲರೂ. ಹೇಗೆ ಮಾಡೋಣ ಎಂದು ಯಾರೂ ಅವಳನ್ನು ಕೇಳಿರಲಿಲ್ಲ. ಓವನಕ್ಕನಿಗೆ ಅಳು ಬಂತು. ಕುರ್ಚಿ ಎಳೆದುಕೊಂಡು ಮೇಡಂ ಪಕ್ಕದಲ್ಲೇ ಕೂತಳು.

"ಮೊದ್ಲು ಬರೀ ನೀರಿಟ್ಟು ಅದರ ಗೆರೆ ತೆಗೆಯೋಣ, ನೀರು ಎಷ್ಟು ಬೆಳಕು ನುಂಗುತ್ತೆ ಅಂತ ಗೊತ್ತಾಗುತ್ತೆ," ಎಂದಳು. "ಆಮೇಲೆ ಹಸಿ ಮಾದರಿ ಗೆರೆಯಿಂದ ಅದನ್ನ ಕಳೆಯೋಣ, ಮೇಡಂ."