ದೊಡ್ಡತ್ತೆಯ ಕುರ್ಚಿ

ನನ್ನ ಚಿಕ್ಕತ್ತೆ ಮದುವೆಯಾಗಲಿಲ್ಲ, ಇಂಗ್ಲಿಷನ್ನೇ ಕಟ್ಟಿಕೊಂಡರು. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ತಮ್ಮ ಅಕ್ಕ ದೊಡ್ಡತ್ತೆಯ ಜೊತೆ ಸೇರಿ ಇಡೀ ಬೀದಿಯ ಮಕ್ಕಳಿಗೆ ಟ್ಯೂಷನ್ ಹೇಳಿದರು. ನನಗೂ ಹೇಳಿದರು. ಅದು ತಲೆಗೆ ಹತ್ತಲಿಲ್ಲ ಎಂಬುದಕ್ಕೆ ನಾನು ಕನ್ನಡ ಲೇಖಕನಾಗಿರುವುದೇ ಸಾಕ್ಷಿ.

ಅವರ ಪಾಠ ಒಂದು ಥರದ ಕುಸ್ತಿ. ಎರಡು ಪದಗಳನ್ನು ಎದುರುಬದುರು ನಿಲ್ಲಿಸಿ ಯಾವುದಕ್ಕೆ ಅರ್ಥ ಹೆಚ್ಚು ಅಂತ ನೋಡುವುದು. ಮೆಚ್ಚಿನ ಜೋಡಿ ‘ರನ್’ ಮತ್ತು ‘ಬ್ರೇಕ್’. ಕಿಟಕಿ ಕಡೆಯ ಬೆಂಚಿಗೆ ರನ್: ಓಡು, ಅಂಗಡಿ ನಡೆಸು, ಮೂಗು ಸೋರು, ಒಗೆದಾಗ ಬಣ್ಣ ಬಿಡು, ಚುನಾವಣೆಗೆ ನಿಲ್ಲು. ನಾವು ನಿಲ್ಲುವ ಕಡೆ ಅವರು ಓಡುತ್ತಾರಂತೆ! ಗೋಡೆ ಕಡೆಯ ಬೆಂಚಿಗೆ ಬ್ರೇಕ್: ಮುರಿ, ಬಿಡುವು, ಮಾತು ತಪ್ಪು, ದನಿ ಒಡೆ, ಬೆಳಗಾಗು. ಅರ್ಥ ಮುಗಿದ ಬೆಂಚು ಕೋಣೆ ಗುಡಿಸಬೇಕು. ಅದಕ್ಕೂ ಮುಂಚೆ ಆ ಬೆಂಚಿನ ನಾಯಕಿ ಕೊನೆಯದೊಂದು ಅರ್ಥ ಹೇಳಬಹುದು. ರನ್ನಿಗೆ ಚಿಕ್ಕತ್ತೆ, ಬ್ರೇಕಿಗೆ ದೊಡ್ಡತ್ತೆ.

ದೊಡ್ಡತ್ತೆ ತೀರಿಕೊಂಡ ಮೇಲೂ ಅವರ ಕುರ್ಚಿ ಕದಲಲಿಲ್ಲ. ಬ್ರೇಕ್ ಬೆಂಚು ಕೈಚೆಲ್ಲಿದಾಗಲೆಲ್ಲ ಚಿಕ್ಕತ್ತೆ ಖಾಲಿ ಕುರ್ಚಿಯತ್ತ ಕಿವಿಗೊಟ್ಟು ಕಾಯುವರು; ಆಮೇಲೆ “ಹೂಂ” ಅಂದು ಬೋರ್ಡಿನ ಮೇಲೆ ಹೊಸ ಅರ್ಥ ಬರೆಯುವರು. ಮಕ್ಕಳು ಹೆದರಿ ಒಬ್ಬೊಬ್ಬರಾಗಿ ಟ್ಯೂಷನ್ ಬಿಟ್ಟರು.

ನನಗೆ ಬುಲಾವು ಬಂತು.

“ಲೋ, ಅಕ್ಕನ ಕುರ್ಚೀಲಿ ನೀನು ಕೂತ್ಕೋ. ಯಾರೋ ಒಬ್ರು ಕಣ್ಣಿಗೆ ಕಂಡ್ರೆ ಮಕ್ಕಳು ಹೆದರಲ್ಲ. ಉಳಿದವ್ರೂ ಬಿಟ್ರೆ ಯಾರಿಗೆ ಪಾಠ ಹೇಳ್ಲಿ, ಗೋಡೆಗಾ?”

“ಅತ್ತೆ, ನನ್ನ ಇಂಗ್ಲಿಷು ನಿಮಗೇ ಗೊತ್ತಲ್ಲ...”

“ಗೊತ್ತಪ್ಪಾ. ಕಲಿಸಿದ್ದು ನಾವೇ ಅಂತ ಎಲ್ಲೂ ಹೇಳ್ಬೇಡ. ಬಾಯಿ ಮುಚ್ಕೊಂಡು ಕೂತಿರು, ಸಾಕು.”

ಕೂತೆ. ಯಾರೋ ಈಗಷ್ಟೇ ಎದ್ದುಹೋದ ಹಾಗೆ ಕುರ್ಚಿ ಬೆಚ್ಚಗಿತ್ತು. ಬಿಸಿಲಿರಬೇಕು ಅಂದುಕೊಂಡೆ. ಬಿಸಿಲು ಬೀಳುವುದು ಕಿಟಕಿಯ ಕಡೆ ಮಾತ್ರ, ಈ ಕುರ್ಚಿ ಇರುವುದು ಗೋಡೆಯ ಕಡೆ ಎಂದು ಆಮೇಲೆ ಹೊಳೆಯಿತು.

ಬ್ರೇಕ್ ಬೆಂಚು ‘ಬೆಳಗಾಗು’ ಅಂದು ನಿಂತುಬಿಟ್ಟಿತು. ಅಭ್ಯಾಸಬಲದಿಂದ ಚಿಕ್ಕತ್ತೆ ಇತ್ತ ತಿರುಗಿ ಕಾದರು. ಕೆಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ನನ್ನ ಬಾಯಿ ತಾನಾಗಿ ತೆರೆಯಿತು.

“ಕಾಡುಕುದುರೆಯನ್ನು ಪಳಗಿಸು.”

ನನಗೆ ಗೊತ್ತಿಲ್ಲದ ಅರ್ಥ. ದನಿ ನನ್ನದೇ, ಆದರೆ ಅವಸರವಿಲ್ಲದ ಆ ಧಾಟಿ ನನ್ನದಲ್ಲ.

“ಅಂಕಲ್‌ಗೆ ಗೊತ್ತು! ನಾವು ಗುಡಿಸಲ್ಲ!” ಬೆಂಚು ಕೇಕೆ ಹಾಕಿತು. ರನ್ ಬೆಂಚಿಗೆ ಉತ್ತರ ಹೊಳೆಯಲಿಲ್ಲ. ಅವರ ಪರವಾಗಿ ಕೊನೆಯ ಅರ್ಥ ಹೇಳಬೇಕಾದ ಚಿಕ್ಕತ್ತೆ ನನ್ನನ್ನೇ ನೋಡುತ್ತ ಸೀಮೆಸುಣ್ಣ ಕೆಳಗಿಟ್ಟರು. “ನಾಳೆ ಅಂಕಲ್ ಇದ್ರೆ ಬಿಟ್ಟೋದೋರ್ನೆಲ್ಲ ಕರ್ಕೊಂಡ್ ಬರ್ತೀವಿ ಮಿಸ್” ಅನ್ನುತ್ತ ಮಕ್ಕಳು ಧಡಧಡ ಮೆಟ್ಟಿಲಿಳಿದರು. ಹೆದರಿದವರು ನಾವಿಬ್ಬರೇ.

ಚಿಕ್ಕತ್ತೆ ತಾವೇ ಪೊರಕೆ ಹಿಡಿದರು. ಗುಡಿಸುತ್ತ ಗುಡಿಸುತ್ತ ನನ್ನ ಕಾಲ ಬಳಿ ಬಂದು, ತಲೆ ಎತ್ತದೆ ಕೇಳಿದರು: “ನಾಳೆನೂ ಬರ್ತೀಯಾ?”

“ಬರ್ತೀನಿ ಕಣೇ,” ಅಂದೆ. “ಮೂಲೇಲಿ ಕಸ ಹಾಗೇ ಇದೆ, ನೋಡು.”

ಹುಟ್ಟಿದಾಗಿನಿಂದ ನಾನು ಚಿಕ್ಕತ್ತೆಯನ್ನು ‘ನೀವು’ ಎಂದಲ್ಲದೆ ಮಾತಾಡಿಸಿದವನಲ್ಲ. ಅವರು ಹೋಗಿ ಮೂಲೆ ಗುಡಿಸಿದರು.